ಹೊತ್ತಿಗೆ ಮುಂಚೆ ಬಿಡುವ ಗಂಟೆ

ನಿಧಾನ ಎನ್ನುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವ ಮುಂಚೆ ಕಾತ್ಯಾಯಿನಿ ಉಕ್ಕುತ್ತಾಳೆ ಎಂದು ನಮ್ಮವರು ಮನೆಗೆ ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ. ನಗಲಿ. ನಾನು ನಡೆದರೆ ಓಡಿದ ಹಾಗೆ, ಮಾತಾಡಿದರೆ ಜಗಳವಾಡಿದ ಹಾಗೆ, ಬಡಿಸಿದರೆ ಅರ್ಧ ಸಾರು ಎಲೆಯಿಂದ ಆಚೆ. ಇಂಥವಳು ಒಂದು ದಿನ, ಹೊಟ್ಟೆಯಲ್ಲಿ ಹುಟ್ಟಿದ ಮಗಳ ಜೀವಕ್ಕಾಗಿ, ಎಲ್ಲಿಲ್ಲದ ನಿಧಾನದಿಂದ ಒಂದು ಕೆಲಸ ಮಾಡಬೇಕಾಯಿತು.

ಅದು ಎರಡು ಸಾವಿರದ ಮೂರನೇ ಇಸವಿ. ಕಾಫಿಯನ್ನು ಕೇಳುವವರೇ ಇಲ್ಲದ ಕಾಲ. ಮೂಡಿಗೆರೆಯಿಂದ ದೇವರಮನೆ ಕಡೆಗೆ ಹೋಗುವ ರಸ್ತೆಯಲ್ಲಿ ಪರಮೇಶ್ವರಪ್ಪನವರದು ದೊಡ್ಡ ಎಸ್ಟೇಟು. ಅವರ ಎರಡು ಕಾಫಿ ಗೋಡೌನುಗಳು ಖಾಲಿ ಬಿದ್ದಿದ್ದವು. ಬೆಂಗಳೂರಿನ ಯಾರೋ ಅವರ ಕಿವಿಯಲ್ಲಿ ಗಾರ್ಮೆಂಟ್ಸ್ ಎಂಬ ಮಂತ್ರ ಊದಿದರು. ಲಾರಿಗಳಲ್ಲಿ ಹೊಲಿಗೆ ಮಿಷನ್‌ಗಳು ಬಂದಿಳಿದವು, ಎಸ್ಟೇಟಿನ ಕೂಲಿಮನೆಗಳ ಲೈನಿನ ಹೆಂಗಸರಿಂದ ಹಿಡಿದು ನಮ್ಮಂಥ ಎರಡು ಎಕರೆ ತೋಟದವರ ಮನೆಯ ಹೆಂಗಸರವರೆಗೆ ಎಲ್ಲರೂ ಹೋಗಿ ಸೇರಿದೆವು. ನಾನು ಮೊದಲಿಂದಲೂ ಊರಿನವರ ರವಿಕೆ ಹೊಲಿಯುತ್ತಿದ್ದವಳು, ಹಾಗಾಗಿ ನನ್ನನ್ನು ಒಂದು ಸಾಲಿನ ಸೂಪರ್‌ವೈಸರ್ ಮಾಡಿದರು. ಸುಳ್ಳು ಹೇಳುವುದಿಲ್ಲ, ಭಾರೀ ಖುಷಿಯಾಗಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಆ ಗಲಾಟೆ, ಆ ನಗು, ಬುತ್ತಿ ಹಂಚಿಕೊಂಡು ತಿನ್ನುವುದು, ಇದೆಲ್ಲ ನನಗೆ ಮದುವೆಯಾದ ಮೇಲೆ ಮೊದಲ ಸಲ ಸಿಕ್ಕಿತ್ತು.

ನನ್ನ ಮಗಳು ಪಂಚಮಿ ಪಿಯುಸಿಯಲ್ಲಿ ಲೆಕ್ಕಕ್ಕೆ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದಳು. ತಾನೂ ಬರುತ್ತೇನೆಂದು ಹಟ ಹಿಡಿದಳು. ಹಟದಲ್ಲಿ ಅವಳು ನನಗೂ ಒಂದು ಕೈ ಮೇಲು. ಅವಳಿಗೆ ಮೇಲಿನ ಅಂತಸ್ತಿನಲ್ಲಿ ಇಸ್ತ್ರಿ ಮಾಡುವ ಕೆಲಸ ಸಿಕ್ಕಿತು. ಕೆಳಗೆ ನಾವು ಹೊಲಿದು ಕಳಿಸಿದ ಶರ್ಟುಗಳನ್ನು ಮೇಲಿನ ಹುಡುಗಿಯರು ಇಸ್ತ್ರಿ ಮಾಡಿ, ಮಡಚಿ, ಪೆಟ್ಟಿಗೆ ತುಂಬುತ್ತಿದ್ದರು.

ಕಾಫಿ ಗೋಡೌನು ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಳ್ಳರು ಒಳಗೆ ಬರಬಾರದೆಂದೇ ಕಟ್ಟಿದ್ದು. ಮೊಳ ದಪ್ಪದ ಗೋಡೆ, ಕಿಟಕಿಗೆಲ್ಲ ಕಬ್ಬಿಣದ ಸರಳು, ಸರಳಿನ ಹೊರಗೆ ಮರದ ಬಾಗಿಲು. ಮೇಲಿನ ಅಂತಸ್ತಿನ ನೆಲವೆಲ್ಲ ಹಲಗೆ. ಮೇಲೆ ಹೋಗಲು ಪಕ್ಕದ ಗೋಡೆಯ ಒಳಗಿಂದ ಒಂದೇ ಒಂದು ಮೆಟ್ಟಿಲ ಸಾಲು, ಅದರ ತಲೆಯಲ್ಲಿ ಒಳಚಿಲಕದ ಒಂದು ಬಾಗಿಲು, ಬುಡದಲ್ಲಿ ಅಂಗಳಕ್ಕೆ ತೆರೆಯುವ ಇನ್ನೊಂದು. ತಯಾರಾದ ಶರ್ಟು ಯಾರ ಸೀರೆಯೊಳಗೂ ಹೋಗಬಾರದಲ್ಲ, ಅದಕ್ಕೆ ಹುಡುಗಿಯರು ಮೇಲೆ ಹತ್ತಿದ ಕೂಡಲೇ ವಾಚ್‌ಮನ್ ಬೊಮ್ಮಯ್ಯ ಬುಡದ ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯುತ್ತಿದ್ದ. ಕಾಫಿಗೆ, ಊಟಕ್ಕೆ, ಸಂಜೆ ಬಿಡುವ ಗಂಟೆಗೆ ಮಾತ್ರ ತೆಗೆಯುತ್ತಿದ್ದ. ಸಂಜೆ ಬಾಗಿಲಲ್ಲಿ ಅಂಜನಮ್ಮ ಎಂಬವಳು ನಿಂತು ಒಬ್ಬೊಬ್ಬರನ್ನೂ ಕೈ ಎತ್ತಿಸಿ ಸೊಂಟ ಮಡಿಲು ಮುಟ್ಟಿ ನೋಡಿ ಹೊರಗೆ ಬಿಡುತ್ತಿದ್ದಳು. ಮೆಣಸು ಕೊಯ್ಲಿನಲ್ಲಿ ಎಸ್ಟೇಟಿನವರು ಮಡಿಲು ಕೊಡವಿಸಿ ಕಳಿಸುತ್ತಾರಲ್ಲ, ಅದೇ ಕ್ರಮ.

ಈ ಬೀಗದ ವಿಷಯಕ್ಕೆ ನಾನು ಪರಮೇಶ್ವರಪ್ಪನವರ ಹತ್ತಿರ ಜಗಳವಾಡಿದ್ದೆ. ಅವರು ಕೆಟ್ಟ ಮನುಷ್ಯರೇನಲ್ಲ, ಯಾರ ಮನೆಯ ಮದುವೆಗೂ ತಪ್ಪದೆ ಹೋಗುವವರು. ತಮ್ಮ ತಾತನ ಕಾಲದಿಂದ ಆ ಬಾಗಿಲಿಗೆ ಬೀಗವಿದೆ, ಇವತ್ತಿನವರೆಗೆ ಏನಾಗಿದೆ ಹೇಳಿ ಎಂದರು. ಆಗ ಒಳಗಿದ್ದದ್ದು ಕಾಫಿ ಮೂಟೆ, ಮೂಟೆಗೆ ಓಡುವ ಅಗತ್ಯ ಬೀಳುವುದಿಲ್ಲ ಎಂದೆ. ಅವರು ಜೋರಾಗಿ ನಕ್ಕು, ಕಾತ್ಯಾಯಿನಮ್ಮನ ಬಾಯಿಗೆ ಮೊದಲು ಬೀಗ ಹಾಕಿಸಬೇಕು ಎಂದು ಹೇಳಿ ಜೀಪು ಹತ್ತಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಇನ್ನು ಗಂಟೆಯ ಸಮಾಚಾರ. ಅಂಗಳದ ಅತ್ತಿಮರಕ್ಕೆ ರೈಲು ಕಂಬಿಯ ಒಂದು ತುಂಡನ್ನು ನೇತುಹಾಕಿದ್ದರು. ಎಸ್ಟೇಟಿನ ಹಳೇ ಗಂಟೆಯೇ ಅದು. ಕೆಲಸ ಶುರುವಿಗೆ ಎರಡು ಹೊಡೆತ. ಸಂಜೆ ಬಿಡುವುದಕ್ಕೆ ಐದು, ಆದರೆ ಒಂದರ ಗುಂಯ್ ಎನ್ನುವ ಸದ್ದು ಪೂರ್ತಿ ಅಡಗಿದ ಮೇಲೆಯೇ ಇನ್ನೊಂದು. ತೋಟದ ತುದಿಯಲ್ಲಿರುವವರಿಗೂ ತಿಳಿಯಲಿ ಎಂದು ಹಿಂದಿನವರು ಮಾಡಿದ ಪದ್ಧತಿ. ಬಿಡುವೇ ಇಲ್ಲದೆ ಢಣಢಣ ಎಂದು ಬಾರಿಸಿದರೆ ಆನೆ ಬಂದಿದೆ ಎಂದು ಅರ್ಥ. ಆಗ ಯಾರು ಎಲ್ಲಿದ್ದರೂ ಹತ್ತಿರದ ಕಟ್ಟಡಕ್ಕೆ ನುಗ್ಗಿ, ಕಿಟಕಿ ಬಾಗಿಲು ಮುಚ್ಚಿ, ಉಸಿರೆತ್ತದೆ ಕೂರಬೇಕು. ಹೊರಗಿನವರು ಕೂಗಿ, ಡಬ್ಬ ಬಡಿದು, ಪಂಜು ಹಚ್ಚಿ ಅದನ್ನು ಓಡಿಸುವವರೆಗೆ ತೆಗೆಯಬಾರದು. ನಮ್ಮ ಹುಡುಗಿಯರು ಇದನ್ನು ತೊಟ್ಟಿಲಲ್ಲಿರುವಾಗಲೇ ಕಲಿತವರು.

ಆ ವರ್ಷ ಹಲಸಿನ ಕಾಯಿ ಬಿಡುವ ಮೊದಲೇ ಒಂಟಿ ಸಲಗ ಒಂದು ನಮ್ಮ ಕಡೆ ಸುತ್ತತೊಡಗಿತ್ತು. ಒಂದು ದಿನ ನಡು ಮಧ್ಯಾಹ್ನ, ಗೋಡೌನಿನ ಅಂಗಳದಲ್ಲೇ, ಮದುವೆಗೆ ಬಂದ ಬೀಗರ ಹಾಗೆ ಗಂಭೀರವಾಗಿ ನಡೆದು ಹೋಯಿತು. ಬೊಮ್ಮಯ್ಯ ಗಂಟೆ ಬಾರಿಸಿದ್ದೇ ತಡ, ಮೇಲಿನ ಹುಡುಗಿಯರು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಎಲ್ಲ ಕಿಟಕಿಗಳನ್ನೂ ಮುಚ್ಚಿ ಕೂತಿದ್ದರು. ಪರಮೇಶ್ವರಪ್ಪನವರಿಗೆ ಹೆಮ್ಮೆಯೋ ಹೆಮ್ಮೆ. ಎಲ್ಲರಿಗೂ ಜಿಲೇಬಿ ಕೊಡಿಸಿದರು.

ಅದಾದ ಸ್ವಲ್ಪ ದಿನಕ್ಕೆ ಶರ್ಟು ಕೊಳ್ಳುವ ಕಂಪನಿಯಿಂದ ಒಬ್ಬ ಯುವಕ ಬಂದ. ಬೆಂಕಿ ಬಿದ್ದರೆ ಎಚ್ಚರಿಸಲು ಏನು ವ್ಯವಸ್ಥೆ ಎಂದು ಕೇಳಿದ. ಪರಮೇಶ್ವರಪ್ಪನವರು ಅತ್ತಿಮರದ ಕಂಬಿ ತೋರಿಸಿ, ಇದು ಹೊಡೆದರೆ ದೇವರಮನೆ ಬೆಟ್ಟಕ್ಕೆ ಕೇಳುತ್ತದೆ, ಇದಕ್ಕಿಂತ ದೊಡ್ಡದು ಬೇಕೇ ಎಂದರು. ಅವನು ತಲೆಯಾಡಿಸಿದ, ಅಕ್ಕಿರೊಟ್ಟಿ ತಿಂದ, ಹೋದ. ಬೊಮ್ಮಯ್ಯನಿಗೂ ಹೇಳಿದ್ದಾಯಿತು: ಬೆಂಕಿ ಕಂಡರೆ ಗಂಟೆ ಬಾರಿಸು. ಹೇಗೆ ಬಾರಿಸಬೇಕು ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಅಪಾಯಕ್ಕೆ ಹೇಗೆ ಬಾರಿಸುವುದೆಂದು ಅವನಿಗೆ ಗೊತ್ತೇ ಇತ್ತಲ್ಲ. ಅಲ್ಲೇ ನಾವೆಲ್ಲ ಎಡವಿದ್ದು. ಆಗ ಯಾರ ತಲೆಗೂ ಹೊಳೆಯಲಿಲ್ಲ.

ಮಾರ್ಚ್ ತಿಂಗಳು. ಕಾಫಿ ಗಿಡಗಳು ಮೊಗ್ಗು ಅರಳಿಸುವ ಹೂಮಳೆಗೆ ಬಾಯಿ ಬಿಟ್ಟುಕೊಂಡು ನಿಂತಿದ್ದವು, ಒಣಗಾಳಿ ಬೀಸುತ್ತಿತ್ತು. ಊಟ ಮುಗಿಸಿ ಕೂತ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು, ಗೋಡೌನಿನ ಹಿಂದಿನ ಶೆಡ್ಡಿನಲ್ಲಿ ಜನರೇಟರು ಗುಡುಗತೊಡಗಿತು. ಆ ಶೆಡ್ಡಿಗೆ ತಾಗಿಕೊಂಡೇ ಕತ್ತರಿಸಿ ಉಳಿದ ಬಟ್ಟೆ ಚೂರುಗಳ ಕೋಣೆ. ಮೂಟೆಗಳನ್ನು ಸೂರಿನವರೆಗೆ ಒಟ್ಟಿದ್ದರು. ನಾನು ಒಂದು ಹುಡುಗಿಗೆ ಕಾಲರ್ ಸೊಟ್ಟ ಕೂರಿಸಿದ್ದಕ್ಕೆ ಮಂಗಳಾರತಿ ಎತ್ತುತ್ತಿದ್ದೆ. ಆಗ ಸೀದ ವಾಸನೆ ಬಂತು. ತಿರುಗಿ ನೋಡಿದರೆ ಹಿಂದಿನ ಗೋಡೆಯ ಬೆಳಕಿಂಡಿಯಿಂದ ಹೊಗೆ ಹಾವಿನ ಹಾಗೆ ಒಳಗೆ ಇಳಿಯುತ್ತಿತ್ತು.

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲು ಬರುವುದಿಲ್ಲ. ಏಳಿ, ಓಡಿ ಎಂದು ನಾನು ಕೂಗಿದ್ದು ನಿಜ. ಕೆಳಗಿನ ದೊಡ್ಡ ಬಾಗಿಲಿಗೆ ಹಗಲು ಹೊತ್ತು ಬೀಗವಿರಲಿಲ್ಲ, ಸರಕು ಬಂದು ಹೋಗುತ್ತಿತ್ತಲ್ಲ. ಕುರ್ಚಿ ಬಿದ್ದವು, ಬುತ್ತಿ ಡಬ್ಬ ಉರುಳಿದವು, ಎಲ್ಲರೂ ಅಂಗಳಕ್ಕೆ ಬಂದು ಬಿದ್ದೆವು. ಹೊರಗೆ ಬಂದು ನೋಡಿದರೆ ಹಿಂದಿನ ಕೋಣೆಯ ಹೆಂಚಿನ ಸಂದಿಯಿಂದ ಬೆಂಕಿ ನಾಲಗೆ ಚಾಚುತ್ತಿದೆ. ಗಾಳಿ ಹೊಗೆಯನ್ನೆಲ್ಲ ಹಿಂದಿನ ತೋಟದ ಕಡೆಗೆ ಹೊತ್ತುಕೊಂಡು ಹೋಗುತ್ತಿದೆ. ಮೇಲಿನ ಹುಡುಗಿಯರಿಗೆ ವಾಸನೆಯೂ ಹೋಗಿರಲಿಕ್ಕಿಲ್ಲ. ಮೇಲಿನ ಕಿಟಕಿಗಳೆಲ್ಲ ತೆರೆದೇ ಇದ್ದವು, ಒಬ್ಬಳು ಏನೋ ಹಾಡು ಗುನುಗುತ್ತಿದ್ದದ್ದೂ ಕೇಳಿಸಿತು.

ಬೊಮ್ಮಯ್ಯ ಬೆಂಕಿ ನೋಡಿದ. ಪಾಪ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಸುತ್ತಿಗೆ ಎತ್ತಿಕೊಂಡು ಬಲವಿದ್ದಷ್ಟೂ ಬಾರಿಸಿದ: ಢಣಢಣಢಣಢಣ.

ನಾನು ತಲೆ ಎತ್ತಿ ನೋಡುತ್ತಿದ್ದೆ. ಮೇಲಿನ ಮೊದಲ ಕಿಟಕಿ ಧಡ್ ಎಂದು ಮುಚ್ಚಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಅದರಾಚೆಯದು. ಹುಡುಗಿಯರ ಕೈಗಳು ಸರಳಿನೊಳಗಿಂದ ಬಂದು ಬಾಗಿಲುಗಳನ್ನು ಎಳೆದುಕೊಂಡವು. ಕೊನೆಯ ಕಿಟಕಿಯಲ್ಲಿ ಹಸಿರು ಬಳೆ ತೊಟ್ಟ ಕೈಯೊಂದು ಕಂಡಿತು. ಹಿಂದಿನ ವಾರ ಪೇಟೆಯಲ್ಲಿ ನಾನೇ ತೊಡಿಸಿದ ಬಳೆ. ಆ ಕಿಟಕಿಯೂ ಮುಚ್ಚಿತು.

ಅಷ್ಟೇ ಅಲ್ಲ. ಅಂಗಳದಲ್ಲಿ ನಿಂತಿದ್ದ ಕೆಳಗಿನ ಹೆಂಗಸರಲ್ಲೂ ಕೆಲವರು ಗಂಟೆ ಕೇಳಿದ್ದೇ ತೋಟದ ಕಡೆ ಒಮ್ಮೆ ನೋಡಿ, ಸೆರಗು ಬಿಗಿದುಕೊಂಡು, ಈಗಷ್ಟೇ ಓಡಿ ಬಂದ ಬಾಗಿಲಿನ ಕಡೆಗೇ ತಿರುಗಿ ಓಡಿದರು. ಹೊಗೆ ಕಣ್ಣಿಗೆ ಕಾಣುತ್ತಿದೆ, ಆದರೂ ಗಂಟೆಯ ಮಾತನ್ನೇ ಕಾಲುಗಳು ಕೇಳುತ್ತಿವೆ. ಅವರ ಜಡೆ ಹಿಡಿದು ಎಳೆದು ಹಿಂದಕ್ಕೆ ತಳ್ಳಿದೆ. ಯಾರ ಜಡೆ ಎಂದು ನೋಡಲಿಲ್ಲ.

ಆಮೇಲೆ ಎಲ್ಲರೂ ಸೇರಿ ಕಿಟಕಿಯ ಕೆಳಗೆ ನಿಂತು ಬೆಂಕಿ, ಬೆಂಕಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆವು. ಗೋಡೆಗೆ ಕಲ್ಲು ಹೊಡೆದೆವು. ಯಾರೋ ಡಬ್ಬ ಬಡಿದರು. ಮೇಲಿನಿಂದ ಒಂದು ಉಸಿರೂ ಇಲ್ಲ. ಕೂಗಿದಷ್ಟೂ ಮೇಲೆ ಮೌನ ಹೆಚ್ಚಾಯಿತು. ಆಗ ನನಗೆ ಅರ್ಥವಾಯಿತು, ನಾವು ಆನೆ ಓಡಿಸುವವರ ಹಾಗೆಯೇ ಕೂಗುತ್ತಿದ್ದೇವೆ. ಪಂಜು ಹಚ್ಚಲು ಬೆಂಕಿ ಬೆಂಕಿ ಎಂದೇ ಕೂಗುವುದಲ್ಲವೇ ನಾವು? ಕೇಳಿ ಕೇಳಿ ಆ ಹುಡುಗಿಯರು ಇನ್ನಷ್ಟು ಮುದುಡಿ ಕೂತಿರುತ್ತಾರೆ.

ನಾನು ಬೊಮ್ಮಯ್ಯನ ಹತ್ತಿರ ಓಡಿದೆ. ಮೆಟ್ಟಿಲ ಬಾಗಿಲಿನ ಬೀಗದ ಕೈ ಅವನ ಸೊಂಟದ ಉಡಿದಾರದಲ್ಲಿ ಇರುತ್ತಿತ್ತು. ಬಾಗಿಲು ತೆಗಿ ಎಂದೆ. ಅವನಿಗೆ ನನ್ನ ಮಾತು ತಲುಪಲೇ ಇಲ್ಲ. ಕಣ್ಣು ಬೆಂಕಿಯ ಮೇಲೆ, ಕೈ ಗಂಟೆಯ ಮೇಲೆ, ಬಾಯಲ್ಲಿ ಏನೋ ಗೊಣಗಾಟ. ತೋಳು ಹಿಡಿದು ಅಲುಗಾಡಿಸಿದೆ. ಸಾಹುಕಾರರು ಬರಲಿ, ಬಿಡುವ ಗಂಟೆಯಾಗದೆ ತೆಗೆಯಬಾರದು, ಶರ್ಟು ಹೋದರೆ ನನ್ನ ಮೈಮೇಲೆ ಬರುತ್ತದೆ ಎಂದು ತೊದಲಿದ. ಮೂರು ತಲೆಮಾರಿನ ಸಾಹುಕಾರರಿಗೆ ದುಡಿದ ಮುದುಕ. ಅವನ ಕುತ್ತಿಗೆ ಹಿಸುಕಬೇಕು ಎನಿಸಿತು, ಅಳಬೇಕು ಎಂದೂ ಎನಿಸಿತು.

ಬಿಡುವ ಗಂಟೆ. ಅವನ ಬಾಯಿಂದಲೇ ಬಂತು ಅದು.

ನಾನು ಸುತ್ತಿಗೆ ಕಿತ್ತುಕೊಂಡೆ. ಅವನನ್ನು ಪಕ್ಕಕ್ಕೆ ತಳ್ಳಿ, ಅಲುಗಾಡುತ್ತಿದ್ದ ಕಂಬಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು ಸದ್ದಡಗಿಸಿದೆ. ಆಮೇಲೆ ಒಂದು ಹೊಡೆತ ಹೊಡೆದೆ. ಢಣ್.

ಇನ್ನು ಕಾಯಬೇಕು. ಸದ್ದು ಪೂರ್ತಿ ಸಾಯುವವರೆಗೆ ಕಾಯಬೇಕು. ಅವಸರದಲ್ಲಿ ಎರಡನೆಯದನ್ನು ಮೊದಲೇ ಹೊಡೆದರೆ ಅದು ಮತ್ತೆ ಆನೆಯ ಗಂಟೆಯಾಗುತ್ತದೆ, ನನ್ನ ಮಗಳು ಇನ್ನಷ್ಟು ಬಿಗಿಯಾಗಿ ಚಿಲಕ ಹಾಕಿಕೊಳ್ಳುತ್ತಾಳೆ. ಹಿಂದಿನ ಕೋಣೆಯಲ್ಲಿ ಏನೋ ಧೊಪ್ ಎಂದು ಬಿತ್ತು, ಕಿಡಿ ಹಾರಿದವು. ಕಂಬಿ ಇನ್ನೂ ಗುಂಯ್ ಎನ್ನುತ್ತಲೇ ಇದೆ. ಈ ಹಾಳಾದ ಕಂಬಿಗೆ ಇಷ್ಟು ದೊಡ್ಡ ಗಂಟಲು ಯಾಕೆ ಕೊಟ್ಟೆಯೋ ದೇವರೇ. ಹಲ್ಲು ಕಚ್ಚಿ ನಿಂತೆ. ನನ್ನ ಕೈ ತನಗೆ ತಾನೇ ಎದ್ದು ಹೋಗುತ್ತಿತ್ತು, ಎಡಗೈಯಲ್ಲಿ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡೆ. ಸದ್ದು ಅಡಗಿತು. ಎರಡನೆಯದು ಹೊಡೆದೆ.

ಮತ್ತೆ ಕಾಯುವುದು. ಯುಗಾದಿಯ ಮೊದಲ ಉಳುಮೆಗೆ, ಹೊನ್ನಾರಿಗೆ, ಹೂಡಿದ ಎತ್ತೂ ಇದಕ್ಕಿಂತ ಬೇಗ ಹೆಜ್ಜೆ ಹಾಕುತ್ತದೆ. ನನ್ನ ಹಿಂದೆ ಹೆಂಗಸರು ಕೂಗುವುದನ್ನು ನಿಲ್ಲಿಸಿದ್ದರು. ಅವರಿಗೂ ಗೊತ್ತಾಗಿತ್ತು. ಒಬ್ಬಳು ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳು. ಮೂರನೆಯದು. ಹೊಗೆ ಈಗ ಮೆಟ್ಟಿಲ ಬಾಗಿಲಿನ ಮೇಲ್ಗಡೆಯ ಸಂದಿಯಿಂದ ಬರತೊಡಗಿತ್ತು. ನಾಲ್ಕನೆಯದು ಹೊಡೆದಾಗ ನನ್ನ ಪಕ್ಕದಲ್ಲಿ ಏನೋ ಅಲುಗಾಡಿತು. ಬೊಮ್ಮಯ್ಯ. ಅವನ ಕೈ ತಾನಾಗಿ ಸೊಂಟಕ್ಕೆ ಹೋಗಿತ್ತು. ದಿನಾ ಸಂಜೆ ಹೋಗುವ ಹಾಗೆ, ಅದೇ ನಡಿಗೆಯಲ್ಲಿ, ಬೀಗದ ಕೈ ಬಿಚ್ಚಿಕೊಳ್ಳುತ್ತ ಅವನು ಮೆಟ್ಟಿಲ ಬಾಗಿಲಿನ ಕಡೆಗೆ ಹೊರಟಿದ್ದ.

ಐದನೆಯದು ಹೊಡೆದೆ. ಮೇಲೆ ಒಂದು ಕಿಟಕಿ ತೆರೆಯಿತು. ಇಷ್ಟು ಬೇಗ ಬಿಟ್ಟರಾ ಎಂದು ಯಾವಳೋ ಖುಷಿಯಲ್ಲಿ ಕೇಳಿದಳು. ಆಮೇಲೆ ಮೆಟ್ಟಿಲ ತಲೆಯ ಬಾಗಿಲಿನ ಚಿಲಕ ಸರಿದ ಸದ್ದು, ಹಲಗೆಯ ಮೇಲೆ ಕಾಲುಗಳ ದಡದಡ. ನಾನು ಸುತ್ತಿಗೆ ಎಸೆದು ಓಡಿದೆ.

ಬೊಮ್ಮಯ್ಯ ಬೀಗ ತೆಗೆದು ಬಾಗಿಲು ಎಳೆದ. ಒಳಗೆ ಮೆಟ್ಟಿಲ ತುಂಬ ಹುಡುಗಿಯರು. ಕೆಮ್ಮುತ್ತಿದ್ದಾರೆ, ಕಣ್ಣುಜ್ಜಿಕೊಳ್ಳುತ್ತಿದ್ದಾರೆ, ಆದರೆ ಒಬ್ಬಳೂ ಹೊರಗೆ ಬರುತ್ತಿಲ್ಲ. ಯಾಕೆಂದರೆ ಎಲ್ಲರಿಗಿಂತ ಮುಂದಿದ್ದವಳು ಹೊಸ್ತಿಲಲ್ಲಿ ಎರಡೂ ಕೈ ಮೇಲೆತ್ತಿ ನಿಂತಿದ್ದಾಳೆ. ಅಂಜನಮ್ಮ ಬಂದು ಸೊಂಟ ಮುಟ್ಟಿ ನೋಡಲಿ ಎಂದು ಕಾಯುತ್ತಿದ್ದಾಳೆ. ಅಂಜನಮ್ಮ ಯಾವಾಗಲೋ ರಸ್ತೆಗೆ ಓಡಿ ಹೋಗಿದ್ದಳು. ಇವಳು ಹೊಗೆಯಲ್ಲಿ ಕೈ ಎತ್ತಿಕೊಂಡು ಅತ್ತಿತ್ತ ಅವಳನ್ನು ಹುಡುಕುತ್ತಿದ್ದಾಳೆ. ಅವಳ ಹಿಂದಿನವಳೂ ಕೈ ಎತ್ತಿದ್ದಾಳೆ. ಅವಳ ಹಿಂದಿನವಳೂ. ನನ್ನ ಆಯಸ್ಸಿನಲ್ಲಿ ಅಂಥ ಸಿಟ್ಟು ನನಗೆ ಬಂದಿರಲಿಲ್ಲ, ಇನ್ನು ಬರುವುದೂ ಬೇಡ. ಎತ್ತಿದ ಕೈಗಳನ್ನೇ ಹಿಡಿದು ಒಬ್ಬೊಬ್ಬಳನ್ನೂ ಅಂಗಳಕ್ಕೆ ಎಳೆದು ಬಿಸಾಡಿದೆ. ಬೇರೆ ಹೆಂಗಸರೂ ಬಂದರು. ಭತ್ತದ ಸಸಿ ಕೀಳುವ ಹಾಗೆ ಸರಸರ ಕಿತ್ತು ಹೊರಗೆ ಹಾಕಿದೆವು.

ಮೆಟ್ಟಿಲು ಖಾಲಿಯಾಯಿತು. ಹಸಿರು ಬಳೆಯ ಕೈ ಬರಲಿಲ್ಲ.

ಪಂಚಮಿ ಎಲ್ಲಿ ಎಂದು ಕೇಳಿದೆ. ಒಬ್ಬಳು ಕೆಮ್ಮುತ್ತ, ಅವಳು ಇಸ್ತ್ರಿ ಪೆಟ್ಟಿಗೆಗಳ ಸ್ವಿಚ್ ಆರಿಸಿ ಬರುತ್ತಾಳೆ ಎಂದಳು. ಬಿಡುವ ಗಂಟೆಯಾದ ಮೇಲೆ ಎಲ್ಲ ಪೆಟ್ಟಿಗೆ ಆರಿದೆಯೇ ಎಂದು ನೋಡುವುದು ಅವಳ ಜವಾಬ್ದಾರಿಯಂತೆ. ಮನೆಯಲ್ಲಿ ಒಂದು ದಿನ ಒಂದು ದೀಪ ಆರಿಸದ ಹುಡುಗಿ.

ನಾನು ಒಳಗೆ ನುಗ್ಗಿದೆ. ಬೊಮ್ಮಯ್ಯ ಬೇಡ ಅಮ್ಮ ಎಂದು ಸೆರಗು ಹಿಡಿದ, ಸೆರಗು ಅವನ ಕೈಯಲ್ಲೇ ಹರಿದು ಉಳಿಯಿತು. ಮೆಟ್ಟಿಲ ಮೇಲೆ ಏನೂ ಕಾಣುತ್ತಿರಲಿಲ್ಲ, ಗೋಡೆ ಬಿಸಿಯಾಗಿತ್ತು. ಅವಳ ಹೆಸರು ಕೂಗಲು ಬಾಯಿ ತೆರೆದರೆ ಹೊಗೆಯೇ ಒಳಗೆ ಹೋಯಿತು. ಕೈಯಲ್ಲಿ ತಡವಿಕೊಂಡು ಅರ್ಧ ಹತ್ತಿರಬೇಕು, ಮೇಲಿನಿಂದ ಯಾರೋ ಉರುಳಿಕೊಂಡ ಹಾಗೆ ಬಂದು ನನ್ನ ಎದೆಗೆ ಢಿಕ್ಕಿ ಹೊಡೆದರು. ಬಳೆ ಚುಚ್ಚಿತು. ಅಷ್ಟು ಸಾಕಾಯಿತು ನನಗೆ. ಆ ಕೈ ಹಿಡಿದುಕೊಂಡು, ಬಿದ್ದೆವೋ ಇಳಿದೆವೋ, ಇಬ್ಬರೂ ಅಂಗಳಕ್ಕೆ ಬಂದೆವು.

ಮುಖವೆಲ್ಲ ಮಸಿ, ಕಣ್ಣಲ್ಲಿ ಧಾರಾಕಾರ ನೀರು, ಆದರೂ ಅವಳು ಮೊದಲು ಕೇಳಿದ್ದು ಇದು:

"ಅಮ್ಮ, ಆನೆ ಹೋಯ್ತಾ?"

ಕೆನ್ನೆಗೆ ಒಂದು ಬಿಟ್ಟೆ. ಆಮೇಲೆ ಅಪ್ಪಿಕೊಂಡೆ. ಎಷ್ಟು ಬಿಗಿಯಾಗಿ ಎಂದರೆ, ಉಸಿರು ಕಟ್ಟುತ್ತದೆ ಬಿಡು ಎಂದು ಅವಳು ಕೊಸರಾಡಿದಳು. ಸುತ್ತಲಿನವರು ಅಳುತ್ತಿದ್ದರು, ನಗುತ್ತಿದ್ದರು, ಯಾರದು ಯಾವುದೆಂದು ತಿಳಿಯುತ್ತಿರಲಿಲ್ಲ. ಆಗಲೇ ಒಳಗೆ ದೊಡ್ಡ ಸದ್ದಾಯಿತು. ಮೇಲಿನ ಹಲಗೆಯ ನೆಲ ಇಸ್ತ್ರಿ ಮೇಜುಗಳ ಸಮೇತ ಕೆಳಕ್ಕೆ ಕುಸಿಯಿತು. ಪಂಚಮಿ ನನ್ನ ಕೈ ಹಿಡಿದುಕೊಂಡಳು.

ಬೊಮ್ಮಯ್ಯ ಅತ್ತಿಮರದ ಬುಡದಲ್ಲಿ ಕೂತಿದ್ದ, ಕೈಯಲ್ಲಿ ಆ ಬೀಗ. ನಾನು ಹೋಗಿ ಅವನೆದುರು ನಿಂತೆ. ನಾನು ಬಿಡುವ ಗಂಟೆ ಹೊಡೆಯದೆ ಇದ್ದಿದ್ದರೆ ನೀನು ಬಾಗಿಲು ತೆಗೆಯುತ್ತಿದ್ದೆಯಾ ಎಂದು ಕೇಳಿದೆ. ಅವನು ಕೈಯಲ್ಲಿದ್ದ ಬೀಗವನ್ನು ತಿರುಗಿಸಿ ನೋಡಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಗೊತ್ತಿಲ್ಲ ಅಮ್ಮ," ಎಂದ. "ನಂಗೆ ಯಾರೂ ಹೇಳಿರ್ಲಿಲ್ಲ."

ಬೆಂಕಿ ಆರಿಸುವ ಗಾಡಿ ಬರುವ ಹೊತ್ತಿಗೆ ಗೋಡೆ ಮಾತ್ರ ಉಳಿದಿತ್ತು. ಪರಮೇಶ್ವರಪ್ಪನವರ ಜೀಪೂ ಬಂತು. ಇಳಿದವರು ಒಬ್ಬೊಬ್ಬ ಹುಡುಗಿಯ ತಲೆ ಮುಟ್ಟಿ ನೋಡಿದರು, ನನಗೆ ಕೈ ಮುಗಿದರು. ಅದನ್ನು ನಾನು ಮರೆತಿಲ್ಲ. ಆದರೆ ಗಾಡಿಯ ಜೊತೆ ಬಂದ ಅಧಿಕಾರಿ ವಿಚಾರಿಸಿದಾಗ, ಮೆಟ್ಟಿಲ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ ಎಂದು ಅದೇ ಬಾಯಿಂದ ಹೇಳಿದರು. ಅದನ್ನೂ ಮರೆತಿಲ್ಲ. ಅಲ್ಲೇ ನಿಂತಿದ್ದ ನಾನು, ಬೀಗ ಇತ್ತು ಎಂದೆ. ಅಧಿಕಾರಿ ನನ್ನ ಕಡೆ ನೋಡಲೇ ಇಲ್ಲ.

ಯುಗಾದಿ ಕಳೆದ ಮೇಲೆ ಎರಡನೇ ಗೋಡೌನಿಗೆ ಹೊಸ ಮಿಷನ್ ಬಂದಿವೆ, ಕೆಲಸ ಶುರುವಾಗುತ್ತದೆ ಎಂದು ಹೇಳಿಕಳಿಸಿದರು. ಬೇರೆ ದಾರಿ ಯಾರಿಗಿತ್ತು? ಎಲ್ಲರೂ ಹೋದೆವು. ಪಂಚಮಿಯನ್ನು ಬರಬೇಡ ಎಂದೆ. ನೀನು ಮನೆಯಲ್ಲಿರು, ನಾನು ಹೋಗುತ್ತೇನೆ ಎಂದು ಅವಳು ನನಗೇ ಹೇಳಿದಳು. ಕೊನೆಗೆ ಇಬ್ಬರೂ ಹೋದೆವು. ಈ ಗೋಡೌನಿಗೆ ಮಹಡಿಯಿಲ್ಲ, ಒಂದೇ ಹಜಾರ, ಎಲ್ಲ ಕೆಲಸವೂ ಅದರಲ್ಲೇ. ಬಾಗಿಲೂ ಒಂದೇ, ಎರಡು ರೆಕ್ಕೆಯ ಹಲಸಿನ ಮರದ ಬಾಗಿಲು. ಹತ್ತಿರ ಹೋಗಿ ನೋಡಿದರೆ ಹೊರಗಡೆ ಹೊಚ್ಚ ಹೊಸ ಚಿಲಕ. ಬೆಂಕಿಯ ಗಲಾಟೆಯಲ್ಲಿ ಶರ್ಟುಗಳು ಕಾಣೆಯಾಗಿವೆ, ಇನ್ನು ಮುಂದೆ ಎಲ್ಲರಿಗೂ ಒಟ್ಟಿಗೆ ಬೀಗ ಎಂದು ಅಂಜನಮ್ಮ ಪಿಸುಗುಟ್ಟಿದಳು. ಹೊಸ ಬೀಗವನ್ನು ಸಾಹುಕಾರರು ಬೊಮ್ಮಯ್ಯನ ಕೈಗೆ ಆಗಲೇ ಕೊಟ್ಟಾಗಿದೆಯಂತೆ.

ಕೂಗಾಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಂಚಮಿ ಬಾಗಿಲಿನ ಕೀಲನ್ನು ಬಗ್ಗಿ ನೋಡುತ್ತಿದ್ದಳು. ಹಳೇ ಕಾಲದ ಬಾಗಿಲು, ಕೀಲಿನ ಮೇಲೆ ಸುಮ್ಮನೆ ಕೂತಿರುತ್ತದೆ. ಮೇಲಕ್ಕೆ ಎತ್ತಿದರೆ ಕಳಚಿ ಬರುತ್ತದೆ. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇದು ನನ್ನ ಮಗಳೇ ಸೈ ಎಂದುಕೊಂಡೆ.

ಆಮೇಲೆ ಆದ ಸಂಭ್ರಮ ಏನು ಹೇಳಲಿ. ಒಬ್ಬಳು ಎಸ್ಟೇಟಿನ ಲೈನಿಗೆ ಓಡಿ ಹಾರೆ ತಂದಳು. ಸೆರಗು ಸೊಂಟಕ್ಕೆ ಬಿಗಿದು ಎಲ್ಲರೂ ಕೈ ಹಾಕಿದೆವು. ಹಲಸಿನ ಮರದ ಬಾಗಿಲು, ಭಾರ ಎಂದರೆ ಭಾರ. ಒಮ್ಮೆ ಎತ್ತಿದರೆ ಸ್ವಲ್ಪವೂ ಮಿಸುಕಲಿಲ್ಲ. ಇನ್ನೊಮ್ಮೆ ಎತ್ತಿದರೆ ಕಿರ್ ಎಂದಿತು, ಅಷ್ಟೇ. ಯಾವಳೋ ನಗು ತಡೆಯಲಾರದೆ ಕೈಬಿಟ್ಟಳು, ಅವಳಿಗೆ ಎಲ್ಲರೂ ಬೈದೆವು. ಆಗ ಹಿಂದಿನಿಂದ ಬೊಮ್ಮಯ್ಯನ ದನಿ ಕೇಳಿಸಿತು.

"ಕೆಳಗಿಂದ ಹಾರೆ ಕೊಡಿ. ಎಡಗಡೆ ಮೊದ್ಲು ಎತ್ತಿ."

ಎಡಗಡೆ ಮೊದಲು ಎತ್ತಿದೆವು. ಬಾಗಿಲು ಕೀಲಿನಿಂದ ಹಾರಿ ನಮ್ಮ ಕೈಗೆ ಬಂತು. ಇನ್ನೊಂದೂ ಬಂತು. ಹೋ ಎಂದು ಕೂಗುತ್ತ ಅವೆರಡನ್ನೂ ಹೊತ್ತುಕೊಂಡು ಹೋಗಿ ಕಾಫಿ ಒಣಗಿಸುವ ಕಣದಲ್ಲಿ ಅಂಗಾತ ಮಲಗಿಸಿದೆವು. ಆಮೇಲೆ ಕೈ ತೊಳೆದುಕೊಂಡು, ಕುಂಕುಮ ಸರಿಮಾಡಿಕೊಂಡು, ಒಳಗೆ ಹೋಗಿ ನಮ್ಮ ನಮ್ಮ ಮಿಷನ್ ಮುಂದೆ ಕೂತೆವು. ಹೊರಗೆ ಬೊಮ್ಮಯ್ಯ ಕೆಲಸದ ಗಂಟೆ ಹೊಡೆದ.

ಪರಮೇಶ್ವರಪ್ಪನವರು ಜೀಪಿನಿಂದ ಇಳಿದು ಬಂದವರು ಹಜಾರದ ಮುಂದೆ ಗಕ್ಕನೆ ನಿಂತರು. ಬಾಗಿಲಿದ್ದ ಜಾಗದಲ್ಲಿ ಬೆಳಕು ತುಂಬಿತ್ತು. ಬೊಮ್ಮಯ್ಯ ಹೊಸ ಬೀಗ ಹಿಡಿದುಕೊಂಡು ಅವರ ಹತ್ತಿರ ಹೋಗಿ, ಬಹಳ ವಿನಯದಿಂದ ಕೇಳಿದ.

"ಇದನ್ನ ಎಲ್ಲಿಗೆ ಹಾಕ್ಲಿ ಸಾಹುಕಾರ್ರೆ?"

ಮಿಷನ್ ಸಾಲುಗಳಲ್ಲಿ ನಗು ಹರಿದಾಡಿತು. ಪರಮೇಶ್ವರಪ್ಪನವರು ಕೆಂಪಾದರು. ನಾನು ಎದ್ದು ನಿಂತೆ, ಬೈಗುಳಕ್ಕೆ ತಯಾರಾಗಿಯೇ ಇದ್ದೆ. ಬಾಗಿಲು ಮತ್ತೆ ಹಾಕಿಸಿದರೆ ಮತ್ತೆ ಎತ್ತುತ್ತೇವೆ ಎಂದು ಮಾತ್ರ ಹೇಳಿದೆ. ಅವರು ನನ್ನನ್ನು ನೋಡಿದರು, ಕಣದಲ್ಲಿ ಮಲಗಿದ್ದ ಬಾಗಿಲನ್ನು ನೋಡಿದರು, ಆಚೆ ಸುಟ್ಟು ಕರಕಲಾಗಿ ನಿಂತಿದ್ದ ಗೋಡೆಯನ್ನೂ ನೋಡಿದರು. ಮಳೆಗಾಲದಲ್ಲಿ ಎರಚಲು ಹೊಡೆಯುತ್ತದೆ, ಚಳಿಗೆ ಕೈ ಮರಗಟ್ಟುತ್ತದೆ ಎಂದರು. ಟಾರ್ಪಾಲು ಇಳಿಬಿಡಿ, ಸ್ವೆಟರು ಹಾಕಿಕೊಂಡು ಬರುತ್ತೇವೆ ಎಂದೆ. ಅವರಿಗೆ ಕೊನೆಗೆ ಒಂದೇ ಮಾತು ಉಳಿದಿತ್ತು.

"ಸರಿ, ಆನೆ ಬಂದ್ರೆ ಏನ್ಮಾಡ್ತೀರಿ?"

ಹಿಂದಿನ ಸಾಲಿನಿಂದ ಪಂಚಮಿ, ಇಸ್ತ್ರಿ ಪೆಟ್ಟಿಗೆಯಿಂದ ತಲೆಯೆತ್ತದೆ, ಉತ್ತರ ಕೊಟ್ಟಳು.

"ಬರ್ಲಿ ಬಿಡಿ ಸರ್. ಅದು ನಮ್ಮನ್ನ ಒಳಗೆ ಹಾಕಿ ಬೀಗ ಜಡ್ಕೊಂಡು ಹೋಗಲ್ಲ."

ಪರಮೇಶ್ವರಪ್ಪನವರು ಬೊಮ್ಮಯ್ಯನ ಕೈಯಿಂದ ಬೀಗ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಜೀಪಿನ ಕಡೆಗೆ ನಡೆದರು. ನಾನು ಕೂತು ಮಿಷನ್ ತುಳಿಯತೊಡಗಿದೆ.